ಕಾರ್ಡು ದೊಡ್ಡದು, ಓಟ ಚಿಕ್ಕದು: ದೋಷವೆಲ್ಲಿದೆ?

ದಿಲ್‌ಸುಖ್‌ನಗರದ ಗಲ್ಲಿಗಳಲ್ಲಿ ಹಾಸ್ಟೆಲುಗಳಿಗೂ ತರಬೇತಿ ಕೇಂದ್ರಗಳಿಗೂ ಬರವಿಲ್ಲವೆಂಬುದು ನಮ್ಮ ವಾಚಕರಿಗೆ ತಿಳಿದ ಸಂಗತಿಯೇ ಸರಿ. ರಾಯಚೂರು, ಕಲಬುರಗಿ, ಬೀದರಗಳ ಕಡೆಯಿಂದ ಬಂದ ಕನ್ನಡದ ಮಕ್ಕಳು ಆ ಮೆಟ್ಟಿಲುಗಳನ್ನು ದಿನವೂ ಹತ್ತಿ ಇಳಿಯುತ್ತಿರುವರು. ಅಂತಹ ಒಬ್ಬ ಹುಡುಗನ ಮನೆಯಲ್ಲಿ ಕಳೆದ ತಿಂಗಳು ನಡೆದ ಪ್ರಸಂಗವನ್ನು ಇಲ್ಲಿ ನಿವೇದಿಸಬಯಸುವೆವು. ವಿಷಯವು ಕಂಪ್ಯೂಟರ್ ಆಟದ್ದಾದರೂ ಅದರಲ್ಲಿ ತಂದೆಯೊಬ್ಬನ ಬೆವರಿನ ಹಣ ಅಡಗಿರುವುದರಿಂದ ಹಿರಿಯರೂ ಓದಬಹುದು.

ತಂದೆ ರಾಯಚೂರಿನ ಕಡೆಯವರು, ಬಟ್ಟೆಯಂಗಡಿಯೊಂದರಲ್ಲಿ ಗುಮಾಸ್ತರು. ಮಗನು ಆನಿಮೇಷನ್ ವಿದ್ಯೆಯನ್ನು ಕಲಿಯುತ್ತಿರುವನು. ಅವನ ಅಭ್ಯಾಸಕ್ಕಾಗಿ ತಂದೆಯು ಚೀಟಿಯೆತ್ತಿ, ಲಕ್ಷ ರೂಪಾಯಿಗೂ ಮಿಕ್ಕಿದ ಬೆಲೆಯ ಆರ್.ಟಿ.ಎಕ್ಸ್. 4080 ಎಂಬ ಗ್ರಾಫಿಕ್ಸ್ ಕಾರ್ಡನ್ನು ಕೊಡಿಸಿದರು. ಎನ್ವಿಡಿಯಾ ಸಂಸ್ಥೆಯು 2022ರ ನವೆಂಬರಿನಲ್ಲಿ ಹೊರತಂದ ಕಾರ್ಡಿದು. 16 ಗಿಗಾಬೈಟು ಸ್ವಂತ ಮೆಮೊರಿ, 320 ವಾಟಿನ ಹಸಿವು. ಕಂಪ್ಯೂಟರು ಮಾತ್ರ ಹಳೆಯದೇ: 2019ರಲ್ಲಿ ಬಂದ ರೈಜನ್ 5 3600 ಪ್ರೊಸೆಸರಿನದು.

ಕಾರ್ಡನ್ನು ಜೋಡಿಸಿದ ದಿನದಿಂದಲೇ ಕೊರಗು ಮೊದಲಾಯಿತು. 'ಕೌಂಟರ್-ಸ್ಟ್ರೈಕ್ 2' ಎಂಬ ಆಟದಲ್ಲಿ ಸೆಕೆಂಡಿಗೆ ಎಪ್ಪತ್ತೈದು ಚಿತ್ರಗಳ ಮೇಲೆ ಏರದು. ನಡುನಡುವೆ ಮುಗ್ಗರಿಸುವುದು ಬೇರೆ. "ಕಾಕಾ, ಹಳೇ ಕಾರ್ಡಿನ್ಯಾಗ ಇದಕ್ಕಿಂತ ಛಲೋ ಓಡ್ತಿತ್ತು" ಎಂದು ಹುಡುಗನು ನಮ್ಮೊಡನೆ ಹಲುಬಿದನು. ಒಂದು ಅಂಗಡಿಯಲ್ಲಿ ವಿಚಾರಿಸಲಾಗಿ, ಕಾರ್ಡನ್ನು ಮೂವತ್ತು ಸಾವಿರ ಕಡಿಮೆಗೆ ಹಿಂದಕ್ಕೆ ಕೊಟ್ಟು ಇನ್ನೂ ದೊಡ್ಡದನ್ನು ಕೊಳ್ಳಬೇಕೆಂಬ ಸಲಹೆ ದೊರೆಯಿತು. ಅದೇ ಸಂಜೆ ತಂದೆಯು ನಮ್ಮ ಕಾರ್ಯಾಲಯಕ್ಕೆ ಬಂದು, "ರಾಯರೇ, ಇನ್ನೊಂದು ಚೀಟಿ ಎತ್ತಬೇಕಾಗ್ತದೇನ್ರಿ?" ಎಂದರು. ಮೊದಲನೆಯದರ ಕಂತುಗಳೇ ಇನ್ನೂ ತೀರಿರಲಿಲ್ಲ.

ನಾವು ಎಸ್.ಎಸ್.ಎಲ್.ಸಿ.ಯ ಆಚೆಗೆ ಓದಿದವರಲ್ಲ. ಲೇಖನಿ ಹಿಡಿಯುವ ಮೊದಲು ಹೋಟೆಲು ನಡೆಸಿದವರು. ಆದರೆ ಹೋಟೆಲು ನಮಗೊಂದು ಪಾಠವನ್ನು ಕಲಿಸಿದೆ. ಗಿರಾಕಿಗಳು ದೋಸೆಗಾಗಿ ಕಾದು ಕುಳಿತಿರುವಾಗ ಮೊದಲು ಕಾವಲಿಯನ್ನು ನೋಡಬೇಕು. ಕಾವಲಿಯ ತುಂಬ ದೋಸೆಯಿದ್ದರೆ ಕಾವಲಿ ಸಾಲದೆಂದು ಅರ್ಥ. ಕಾವಲಿ ಬರಿದಾಗಿ ಕಾದಿದ್ದರೆ? ಹಿಟ್ಟು ಬರುತ್ತಿಲ್ಲವೆಂದು ಅರ್ಥ. ಆಗ ಇನ್ನೊಂದು ದೊಡ್ಡ ಕಾವಲಿಯನ್ನು ತಂದಿಡುವುದು ಮೂರ್ಖತನವಲ್ಲದೆ ಮತ್ತೇನು?

ಕಂಪ್ಯೂಟರಿನ ಒಳಗೂ ಇದೇ ವ್ಯವಹಾರ. ಆಟದಲ್ಲಿ ಯಾರು ಎಲ್ಲಿ ನಿಂತರು, ಗುಂಡು ಎತ್ತ ಹಾರಿತು ಎಂಬುದನ್ನೆಲ್ಲ ಪ್ರೊಸೆಸರು ಲೆಕ್ಕ ಹಾಕಿ, ಮೆಮೊರಿಯೆಂಬ ಉಗ್ರಾಣದಿಂದ ಸಾಮಗ್ರಿ ತರಿಸಿ, ಹೀಗೆ ಚಿತ್ರ ಬರೆಯೆಂದು ಕಾರ್ಡಿಗೆ ಆಜ್ಞೆ ಕೊಡುವುದು. ಕಾರ್ಡು ಆಮೇಲೆ ಬರೆಯುವುದು. ಸೆಕೆಂಡಿಗೆ 144 ಚಿತ್ರ ಬೇಕೆಂದರೆ ಒಂದೊಂದಕ್ಕೆ ದೊರೆಯುವ ಅವಧಿ ಸುಮಾರು 7 ಮಿಲಿಸೆಕೆಂಡು ಮಾತ್ರ. ಅಷ್ಟರೊಳಗೆ ಆಜ್ಞೆ ಬಾರದಿದ್ದರೆ ಕಾರ್ಡು ಎಷ್ಟು ಬಲಿಷ್ಠವಾಗಿದ್ದರೇನು?

ನಮ್ಮ ಕಾರ್ಯಾಲಯದಲ್ಲಿ ಪುಟ ಕಟ್ಟುವ ತರುಣನು ಈ ಯಂತ್ರಗಳನ್ನು ಬಲ್ಲವನು. ಅವನನ್ನು ಕರೆದುಕೊಂಡು ಹುಡುಗನ ಮನೆಗೆ ಹೋದೆವು. ಅವನು ಸ್ಕ್ರೂಡ್ರೈವರನ್ನು ಮುಟ್ಟಲಿಲ್ಲ. ಮೊದಲು ಟಾಸ್ಕ್ ಮ್ಯಾನೇಜರನ್ನು ತೆರೆದು ಆಟವಾಡಿಸಿದನು. ಕಾರ್ಡು ನೂರಕ್ಕೆ ಮೂವತ್ತು ಪಾಲು ಕೂಡ ದುಡಿಯುತ್ತಿರಲಿಲ್ಲ. ಬಳಿಕ ಚಿತ್ರದ ಅಳತೆಯನ್ನು 1440ರಿಂದ 720 ಸಾಲುಗಳಿಗೆ ಇಳಿಸಿದನು. ಓಟ ಸ್ವಲ್ಪವೂ ಹೆಚ್ಚಲಿಲ್ಲ. ದೋಸೆಯನ್ನು ಚಿಕ್ಕದಾಗಿ ಹೊಯ್ದರೂ ಎಲೆಗೆ ಬೇಗ ಬಾರದೆಂದ ಮೇಲೆ ತಪ್ಪು ಕಾವಲಿಯದಲ್ಲ. ಕೊನೆಗೆ 'ಬ್ಲೆಂಡರ್' ಎಂಬ ತಂತ್ರಾಂಶದಲ್ಲಿ ಹುಡುಗನ ಪಾಠದ ಚಿತ್ರವೊಂದನ್ನೇ ಕಾರ್ಡಿಗೆ ಬರೆಯಕೊಟ್ಟಾಗ ಅದು ನೂರಕ್ಕೆ ನೂರು ದುಡಿಯಿತು! ಕಾರ್ಡು ಆರೋಗ್ಯವಾಗಿದೆ, ಅದರ ಕೈಗೆ ಕೆಲಸ ಮುಟ್ಟುತ್ತಿಲ್ಲವೆಂಬುದು ಹತ್ತು ನಿಮಿಷಗಳಲ್ಲಿ ಸಿದ್ಧವಾಯಿತು.

ಇಲ್ಲೊಂದು ಎಚ್ಚರಿಕೆ. ಪ್ರೊಸೆಸರಿನ ಒಟ್ಟು ದುಡಿಮೆ ಅರ್ಧದಷ್ಟೇ ಕಂಡಿತೆಂದು ಅದನ್ನು ನಿರ್ದೋಷಿಯೆನ್ನಬಾರದು. ಆರು ಕೋರುಗಳಲ್ಲಿ ಒಂದೆರಡು ಬಳಲಿ ಉಳಿದವು ಸುಮ್ಮನಿದ್ದರೂ ಸರಾಸರಿ ಕಡಿಮೆಯೇ ತೋರುವುದು.

ಈಗ ಉಗ್ರಾಣದ ಸರದಿ. ಮೆಮೊರಿ ಪಟ್ಟಿಗಳು ಎರಡಿದ್ದವು. ಎರಡೂ ಒಂದರ ಪಕ್ಕದಲ್ಲೊಂದು ಕುಳಿತಿದ್ದವು. ಉಗ್ರಾಣಕ್ಕೆ ಎರಡು ಬಾಗಿಲುಗಳಿವೆ. ನಾಲ್ಕು ಗೂಡುಗಳ ಬೋರ್ಡಿನಲ್ಲಿ ಸಾಮಾನ್ಯವಾಗಿ ಎರಡನೆಯ ಮತ್ತು ನಾಲ್ಕನೆಯ ಗೂಡುಗಳಲ್ಲಿ ಪಟ್ಟಿಗಳನ್ನಿಟ್ಟರೆ ಎರಡೂ ತೆರೆಯುತ್ತವೆ. ಪಕ್ಕಪಕ್ಕದಲ್ಲಿಟ್ಟರೆ ಒಂದು ಬಾಗಿಲು ಮುಚ್ಚಿಯೇ ಇರಬಹುದು. ಇದಲ್ಲದೆ 3200ರ ವೇಗದ ಪಟ್ಟಿಗಳು 2133ರಲ್ಲಿ ತೆವಳುತ್ತಿದ್ದವು. ಹುಡುಗನನ್ನು ಕೇಳಲಾಗಿ ತಲೆ ತಗ್ಗಿಸಿದನು. ದೊಡ್ಡ ಕಾರ್ಡನ್ನು ಕೂರಿಸುವಾಗ ಧೂಳು ಝಾಡಿಸಲೆಂದು ಪಟ್ಟಿಗಳನ್ನು ಕಿತ್ತು, ತೋಚಿದಲ್ಲಿ ಮರಳಿ ಸಿಕ್ಕಿಸಿದ್ದನು. ಬೋರ್ಡಿನ ಚಿಕ್ಕ ಬ್ಯಾಟರಿಯನ್ನೂ ತೆಗೆದು ಹಾಕಿದ್ದರಿಂದ ಬಯಾಸಿನ ಹಳೆಯ ಏರ್ಪಾಡುಗಳೆಲ್ಲ ಅಳಿಸಿಹೋಗಿದ್ದವು.

ತರುಣನು ಪಟ್ಟಿಗಳನ್ನು ಸರಿಯಾದ ಗೂಡುಗಳಿಗೆ ಬದಲಿಸಿ, ಬಯಾಸಿನಲ್ಲಿ ಎಕ್ಸ್.ಎಂ.ಪಿ. ಎಂಬುದನ್ನು ಜಾರಿಗೊಳಿಸಿದನು. ಕೆಲವು ಬೋರ್ಡುಗಳಲ್ಲಿ ಇದಕ್ಕೆ ಡಿ.ಓ.ಸಿ.ಪಿ. ಎಂದೂ, ಡಿ.ಡಿ.ಆರ್. 5 ಮೆಮೊರಿಯಿರುವ ಎ.ಎಂ.ಡಿ. ಬೋರ್ಡುಗಳಲ್ಲಿ ಎಕ್ಸ್‌ಪೋ ಎಂದೂ ಹೆಸರು. ಆಟವು ನೂರಿಪ್ಪತ್ತರ ಆಸುಪಾಸಿಗೆ ಏರಿತು. ಮುಗ್ಗರಿಸುವುದು ಬಹುಮಟ್ಟಿಗೆ ನಿಂತಿತು. ಖರ್ಚು ಒಂದು ಕಾಸೂ ಇಲ್ಲ. ಇನ್ನೂ ಹೆಚ್ಚಿನ ಓಟಕ್ಕೆ ಮುಂದೆಂದಾದರೂ ಪ್ರೊಸೆಸರನ್ನು ಬದಲಿಸಬೇಕಾದೀತು. ಆದರೆ ಅದಕ್ಕೆ ಅವಸರವಿಲ್ಲ.

ಇತರರ ಮನೆಗಳಲ್ಲಿ ದೋಷ ಬೇರೆಯಿರಬಹುದು. ಮಾನಿಟರಿನ ಕೇಬಲನ್ನು ಕಾರ್ಡಿಗೆ ಸಿಕ್ಕಿಸದೆ ಬೋರ್ಡಿಗೆ ಸಿಕ್ಕಿಸಿದವರುಂಟು. 144 ಹರ್ಟ್ಸಿನ ಮಾನಿಟರು ವಿಂಡೋಸಿನ ಡಿಸ್‌ಪ್ಲೇ ಏರ್ಪಾಡಿನಲ್ಲಿ 60ಕ್ಕೇ ನಿಂತಿರುವುದುಂಟು. ಪೆಟ್ಟಿಗೆಯನ್ನು ಗೋಡೆಯ ಗೂಡಿನಲ್ಲಿ ತುರುಕಿ ಗಾಳಿಯಾಡದಂತೆ ಮಾಡಿದರೆ, ನಮ್ಮ ಹೈದರಾಬಾದಿನ ಮೇ ತಿಂಗಳ ಸೆಖೆಯಲ್ಲಿ ಕಾರ್ಡು ಕಾದು, ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗವನ್ನು ತಗ್ಗಿಸಿಕೊಳ್ಳುವುದು. ಇವೆಲ್ಲವನ್ನೂ ಕಾಸು ಬಿಚ್ಚದೆ ನೋಡಬಹುದು. ಹೊಸ ಕಾರ್ಡುಗಳ ವಿದ್ಯುತ್ ಪ್ಲಗ್ಗನ್ನು ಮಾತ್ರ ಕೊನೆಯವರೆಗೂ ಒತ್ತಿ ಕೂರಿಸಬೇಕು. 2022ರಲ್ಲಿ ಕೆಲವು ಆರ್.ಟಿ.ಎಕ್ಸ್. 4090 ಕಾರ್ಡುಗಳ ಪ್ಲಗ್ಗು ಕರಗಿದ ವರದಿಗಳು ಬಂದಾಗ, ಅರೆಬರೆ ಸಿಕ್ಕಿಸಿದ್ದು ಒಂದು ಮುಖ್ಯ ಕಾರಣವೆಂದು ಎನ್ವಿಡಿಯಾವೇ ತಿಳಿಸಿತ್ತು.

ಹೊರಡುವಾಗ ಆ ತಂದೆಯು ಚಹಾ ಕೊಟ್ಟು, ಎರಡನೆಯ ಚೀಟಿಗಾಗಿ ತಂದಿಟ್ಟಿದ್ದ ಅರ್ಜಿಯನ್ನು ನಮ್ಮೆದುರಿಗೇ ಹರಿದುಹಾಕಿದರು. ಪರಸ್ಥಳದಲ್ಲಿ ದುಡಿದು ಬಾಳುವ ನಮ್ಮವರಿಗೆ ನಮ್ಮ ವಿನಂತಿ ಇಷ್ಟೇ: ಯಂತ್ರವು ಸೋತಿತೆಂದು ಅಂಗಡಿಗೆ ಧಾವಿಸುವ ಮುನ್ನ ಒಂದು ಸಂಜೆ ಕುಳಿತು, ಯಾರು ದಣಿದಿರುವರು, ಯಾರು ಸುಮ್ಮನೆ ಕಾದಿರುವರು ಎಂಬುದನ್ನು ನೋಡಿಕೊಳ್ಳಿರಿ. ಹಣ ಬಿಚ್ಚುವ ಮಾತು ಆಮೇಲಾಗಲಿ.