ಘಮ್ಮೆನ್ನುವ ಗುಲಾಬಿಗೂ ಒಂದು ತವರಿದೆ

ಅಂಗಡಿಯಿಂದ ತಂದ ಗುಲಾಬಿಯನ್ನು ಮೂಗಿಗೆ ಹಿಡಿದು ‘ಅಯ್ಯೋ, ವಾಸನೆಯೇ ಇಲ್ವಲ್ಲಾ’ ಎಂದು ನೀವೂ ಗೊಣಗಿದ್ದೀರಾ? ಹೂದಾನಿಯಲ್ಲಿ ಹೆಚ್ಚು ದಿನ ಬಾಳಲೆಂದು ಬೆಳೆಸಿದ ಎಷ್ಟೋ ತಳಿಗಳಲ್ಲಿ ಪರಿಮಳ ಹಿಂದೆ ಸರಿದಿದೆ. ಆದರೆ ನಾವು ಕುಂಡದಲ್ಲಿ ಬೆಳೆಸುವ ‘ಹೈಬ್ರಿಡ್ ಟೀ’ ಗುಲಾಬಿಗಳ ಹಿರಿಯಕ್ಕ ಮಾತ್ರ ಘಮ್ಮೆನ್ನುವವಳೇ!

ಅವಳ ಹೆಸರು ‘ಲಾ ಫ್ರಾನ್ಸ್’. 1867ರಲ್ಲಿ ಫ್ರಾನ್ಸಿನ ಲಿಯಾನ್ ನಗರದ ಗಿಯೊ ಎಂಬ ಗುಲಾಬಿ ಬೆಳೆಗಾರ ಇದನ್ನು ಪರಿಚಯಿಸಿದ. ಬೆಳ್ಳಿ ಹೊಳಪಿನ ತಿಳಿ ಗುಲಾಬಿ ಬಣ್ಣ, ಸುಮಾರು 60 ಪಕಳೆ, ಗಾಢ ಸುವಾಸನೆ. ಯುರೋಪಿನ ಗುಲಾಬಿಗಳಿಗೆ ಚಳಿ ತಡೆಯುವ ಶಕ್ತಿಯಿತ್ತು. ಚೀನಾ ಮೂಲದ ‘ಟೀ’ ಗುಲಾಬಿಗಳು ನಾಜೂಕು, ಆದರೆ ಮತ್ತೆ ಮತ್ತೆ ಅರಳುತ್ತಿದ್ದವು. ಈ ಎರಡು ಮನೆತನಗಳ ಗುಣ ಒಂದಾದದ್ದು ಲಾ ಫ್ರಾನ್ಸ್‌ನಲ್ಲಿ. ತಮಾಷೆಯೆಂದರೆ, ಇದರ ತಂದೆ ತಾಯಿ ಯಾರೆಂಬುದು ಗಿಯೊಗೇ ಖಚಿತವಿರಲಿಲ್ಲ! 1867ಕ್ಕೆ ಮುಂಚಿನ ಬಗೆಗಳು ‘ಹಳೆಯ ಗುಲಾಬಿ’, ಆಮೇಲಿನವು ‘ಆಧುನಿಕ ಗುಲಾಬಿ’ ಎಂದೇ ಈಗಲೂ ವಿಂಗಡಿಸುತ್ತಾರೆ.

ಇಂಥ ಗುಲಾಬಿಗಳನ್ನು ಸಾಮಾನ್ಯವಾಗಿ ಕಾಡು ಜಾತಿಯ ಬೇರಿಗೆ ಕಸಿ ಕಟ್ಟಿರುತ್ತಾರೆ. ಇದು ತಿಳಿಯದೆ ನಾನು ಪೆಟ್ಟು ತಿಂದೆ. ಅತ್ತೆ ಆಸೆಪಟ್ಟು ಕೊಡಿಸಿದ್ದ ಗಿಡದ ಬುಡದಿಂದ ಉದ್ದನೆಯ ಚಿಗುರು ಬಂತು. ‘ನೋಡಿ ಅತ್ತೆ, ಎಷ್ಟು ಚೆನ್ನಾಗಿ ಬೆಳೀತಿದೆ’ ಎಂದು ಹಿಗ್ಗಿದೆ. ವರ್ಷದೊಳಗೆ ಆ ಕಾಡುಚಿಗುರೇ ಗಿಡವನ್ನೆಲ್ಲ ನುಂಗಿತ್ತು. ಪರಿಮಳದ ಹೂ ಮತ್ತೆ ಬರಲೇ ಇಲ್ಲ. ಅತ್ತೆ ಏನೂ ಅನ್ನಲಿಲ್ಲ, ನನಗೇ ಕಸಿವಿಸಿ.

ನಿಮಗೆ ಹಾಗಾಗದಿರಲು ಇಷ್ಟು ಮಾಡಿ:

* ಹೂ ಬಿಟ್ಟಿರುವ ಗಿಡವನ್ನೇ ಆರಿಸಿ. ಬೆಳಗಿನ ಹೊತ್ತು ನರ್ಸರಿಗೆ ಹೋಗಿ, ಮೂಸಿ ನೋಡಿಯೇ ಕೊಳ್ಳಿ.

* ಕಸಿ ಗಂಟು ಮಣ್ಣಿನಿಂದ ಮೇಲಿರಲಿ. ಗಂಟಿನ ಕೆಳಗೆ ಚಿಗುರು ಕಂಡರೆ, ಹುಟ್ಟಿದ ಜಾಗದಿಂದಲೇ ಕಿತ್ತುಹಾಕಿ. ಮೇಲಷ್ಟೇ ಕತ್ತರಿಸಿದರೆ ಮತ್ತೆ ಬರುತ್ತದೆ.

* ದಿನಕ್ಕೆ ಐದಾರು ಗಂಟೆ ಬಿಸಿಲು ಬೇಕೇ ಬೇಕು. ನೀರನ್ನು ಬುಡಕ್ಕೆ ಹಾಕಿ, ಆದರೆ ಕುಂಡದಲ್ಲಿ ನಿಲ್ಲಬಾರದು.

* ಬಾಡಿದ ಹೂವನ್ನು ಎರಡು ಎಲೆ ಸಮೇತ ಕತ್ತರಿಸಿ. ಹೊಸ ಮೊಗ್ಗು ಬೇಗ ಬರುತ್ತದೆ.

ಕಳೆದ ವರ್ಷ ಅತ್ತೆಯನ್ನೇ ನರ್ಸರಿಗೆ ಕರೆದುಕೊಂಡು ಹೋಗಿ, ಮೂಸಿ ಮೂಸಿ ಇನ್ನೊಂದು ಗಿಡ ತಂದೆವು. ಈಗ ಬೆಳಗಿನ ಕಾಫಿ ಲೋಟ ಹಿಡಿದು ಮೊದಲು ಬುಡ ನೋಡುವುದೇ ನಮ್ಮ ಕೆಲಸ. ನೀವೂ ಇವತ್ತೇ ನಿಮ್ಮ ಕುಂಡದ ಬುಡವನ್ನೊಮ್ಮೆ ನೋಡಿ!