ಗಾಡಿಯೊಳಗಿನ ಪುಟ್ಟ ಪೆಟ್ಟಿಗೆ

ಶಿರಾದಿಂದ ಹಿರಿಯೂರಿಗೆ ಹೋಗುವ ಹೆದ್ದಾರಿಯಲ್ಲಿ ನಮ್ಮ ತಾವರೆಕೆರೆ ಇದೆ. ಸಂತೆಗೆ, ಮದುವೆಗೆ, ಆಸ್ಪತ್ರೆಗೆ ನಮಗೆ ಹಳೇ ಮಾರುತಿ ಓಮ್ನಿಯೇ ಗತಿ.

ಕಡಲೆಕಾಯಿ ಕಿತ್ತ ಕಾಲ. ಒಂದು ಬೆಳಿಗ್ಗೆ ನಮ್ಮ ವ್ಯಾನು ಶುರುವಾಗಲೇ ಇಲ್ಲ. "ಕಂಪ್ಯೂಟರ್ ಹೋಗೈತೆ, ಹೊಸದು ಹಾಕ್ಬೇಕು" ಅಂದ ಒಬ್ಬ ಮೆಕ್ಯಾನಿಕ್. ಬೆಲೆ ಕೇಳಿ ಎದೆ ಧಸಕ್ ಅಂತು. ಹಸು ಮಾರಬೇಕಾ?

ವ್ಯಾನಿಗೆ ಎಲ್ಲಿಂದ ಬಂತು ಕಂಪ್ಯೂಟರ್? 1984ರಲ್ಲಿ ಓಮ್ನಿ ಬಂದಾಗ ಅದು ಇರಲಿಲ್ಲ. ಆಗ ಪೆಟ್ರೋಲು, ಗಾಳಿ ಬೆರೆಸಲು ಕಾರ್ಬುರೇಟರ್ ಇತ್ತು. 2000ನೇ ಇಸವಿಯ ಹೊತ್ತಿಗೆ ಹೊಗೆಯ ಕಾನೂನು ಬಿಗಿಯಾಯಿತು. ಆಮೇಲೆ ಈ ಪೆಟ್ಟಿಗೆ ಬಂತು. ಇದಕ್ಕೆ ಇ.ಸಿ.ಯು. ಅಂತಾರೆ. ಎಂಜಿನ್ ಎಷ್ಟು ಬಿಸಿ, ಗಾಳಿ ಎಷ್ಟು ಎಂದು ತಂತಿಗಳು ಸುದ್ದಿ ತರುತ್ತವೆ. ಪೆಟ್ಟಿಗೆ ಲೆಕ್ಕ ಹಾಕಿ ಪೆಟ್ರೋಲು ಬಿಡಿಸುತ್ತದೆ.

ಪೆಟ್ಟಿಗೆ ಕೆಡುವುದು ಕಡಿಮೆ. ತಂತಿ ಕೆಡುವುದೇ ಹೆಚ್ಚು. ಬ್ಯಾಟರಿಯಿಂದ ಕರೆಂಟು ಫ್ಯೂಸ್ ದಾಟಿ ಪೆಟ್ಟಿಗೆಗೆ ಬರಬೇಕು. ಅರ್ಥ್ ತಂತಿಯಿಂದ ವಾಪಸ್ ಹೋಗಬೇಕು. ಅರ್ಥ್ ತಂತಿ ಹೆಚ್ಚಾಗಿ ಕಪ್ಪು ಬಣ್ಣ. ಅದರ ಬೋಲ್ಟಿಗೆ ತುಕ್ಕು ಹಿಡಿದರೂ ಸಾಕು, ಗಾಡಿ ಹಟ ಹಿಡಿಯುತ್ತೆ.

ನಾವು ಕೀ ತಿರುಗಿಸಿ ನೋಡಿದೆವು. ಎಂಜಿನ್ ಚಿತ್ರದ ಹಳದಿ ದೀಪ ಹತ್ತಬೇಕಿತ್ತು. ಹತ್ತಲಿಲ್ಲ. ಅಂದ್ರೆ ಪೆಟ್ಟಿಗೆಗೆ ಕರೆಂಟೇ ಬಂದಿಲ್ಲವೇನೋ! ಕೀ ತೆಗೆದು ಫ್ಯೂಸ್ ನೋಡಿದೆವು. ಫ್ಯೂಸಿನ ತಲೆ ಮೇಲೆ ಅಂಕಿ ಇರುತ್ತೆ. 10 ಕೆಂಪು, 15 ನೀಲಿ, 20 ಹಳದಿ, 30 ಹಸಿರು. ನಮ್ಮದು 15. ಒಳಗಿನ ಎಳೆ ಸುಟ್ಟಿತ್ತು. ಹೊಸ 15 ಹಾಕಿದೆವು. ಅದೂ ಸುಟ್ಟಿತು.

"30 ಹಾಕಿ, ನಿಲ್ಲುತ್ತೆ" ಅಂದರು ಪಕ್ಕದವರು. ಹಾಕಲಿಲ್ಲ. 30 ಹಾಕಿದ್ದರೆ ಫ್ಯೂಸ್ ಉಳಿದು ತಂತಿ ಕಾದು ಬೆಂಕಿ ಹತ್ತಬಹುದಿತ್ತು. ಫ್ಯೂಸ್ ಜಾಗಕ್ಕೆ ತಾಮ್ರದ ಎಳೆ ಸುತ್ತಿದರೂ ಅದೇ ಗತಿ.

ಇನ್ನೊಬ್ಬ ಮೆಕ್ಯಾನಿಕ್ ಬಂದ. ಮೊದಲು ಬ್ಯಾಟರಿಯ ಮೈನಸ್ ತಂತಿ ಬಿಚ್ಚಿದ. ಆಮೇಲೆ ಮುಂದಿನ ಸೀಟು ಎತ್ತಿದ. ಓಮ್ನಿ ಎಂಜಿನ್ ಇರೋದು ಅಲ್ಲೇ. ಇಲಿ ಒಂದು ತಂತಿಯ ಹೊದಿಕೆ ಕಡಿದಿತ್ತು. ಬರಿ ತಂತಿ ಕಬ್ಬಿಣಕ್ಕೆ ತಾಗುತ್ತಿತ್ತು! ಅವನು ತುಂಡು ತಂತಿ ಬೆಸೆದು, ಮೇಲೆ ಕೊಳವೆ ಹೊದಿಸಿದ. ಮತ್ತೆ 15ರ ಫ್ಯೂಸ್. ಹಳದಿ ದೀಪ ಹತ್ತಿತು, ವ್ಯಾನು ಹೊರಟಿತು.

ಕಡಲೆಕಾಯಿ ಮೂಟೆಗಳನ್ನು ಈಗ ವ್ಯಾನಿನ ಪಕ್ಕ ಇಡುತ್ತಿಲ್ಲ.