ಮುಂಗಾರು ಎರಡು ಸಲ ಬಂದೀತೆ?

ಒಂದು ಚಲನಚಿತ್ರ ಜನಮನವನ್ನು ಸೂರೆಗೊಂಡಿತೆನ್ನಿ. ಚಿತ್ರಮಂದಿರದ ಮುಂದೆ ನೂರನೆಯ ದಿನದ ತೋರಣ ಬಾಡುವ ಮೊದಲೇ ಯಾರಾದರೂ ಕೇಳಿಬಿಡುತ್ತಾರೆ: “ಇದರ ಮುಂದಿನ ಭಾಗ ಯಾವಾಗ?” ಹೀಗೆ ಕೇಳುವವರಲ್ಲಿ ನಿರ್ಮಾಪಕರಿರುತ್ತಾರೆ, ಪ್ರದರ್ಶಕರಿರುತ್ತಾರೆ, ನಿಜವನ್ನೇ ನುಡಿಯಬೇಕೆಂದರೆ ನಾವೂ ನೀವೂ ಇರುತ್ತೇವೆ. ಕೆಲವು ವರ್ಷಗಳ ತರುವಾಯ ಆ ಭಾಗವೂ ಬರುತ್ತದೆ. ಹೆಸರು ಅದೇ, ಪಕ್ಕದಲ್ಲಿ ‘ಎರಡು’ ಎಂಬ ಅಂಕಿ ಮಾತ್ರ ಹೆಚ್ಚು. ಮನೆಮಂದಿಯೆಲ್ಲ ಸಡಗರದಿಂದ ಹೊರಟು ಚಿತ್ರವನ್ನು ನೋಡುತ್ತಾರೆ. ಹಿಂತಿರುಗುವ ದಾರಿಯಲ್ಲಿ ಮಾತ್ರ ಒಂದು ಬಗೆಯ ಮೌನ. ಕೊನೆಗೆ ಯಾರಾದರೊಬ್ಬರು ಆ ಮೌನವನ್ನು ಮುರಿದು ಆಡುವ ಮಾತು ಬಹುಮಟ್ಟಿಗೆ ಒಂದೇ: “ಮೊದಲಿನದರ ಹಾಗಿಲ್ಲ, ಬಿಡಿ.”

ಈ ನಿರಾಶೆಗೆ ಕಾರಣವೇನು? ದುರಾಸೆ ಎನ್ನುವವರುಂಟು, ಅವಸರ ಎನ್ನುವವರುಂಟು. ಆದರೆ ಎರಡನೆಯ ಚಿತ್ರಕ್ಕೆ ಸಾಮಾನ್ಯವಾಗಿ ಮೊದಲನೆಯದಕ್ಕಿಂತ ಹೆಚ್ಚು ಹಣ ಒದಗಿರುತ್ತದೆ, ಹೆಚ್ಚು ಕಾಲವೂ ಒದಗಿರುತ್ತದೆ. ಎಷ್ಟೋ ಸಲ ನಟರು ಅವರೇ, ನಿರ್ದೇಶಕರೂ ಅವರೇ. ಹೀಗಿದ್ದೂ ಸೋಲುವುದೇಕೆ ಎಂಬುದನ್ನು ನಮ್ಮ ಕನ್ನಡ ಚಿತ್ರಗಳ ಆಧಾರದಿಂದಲೇ ಕೊಂಚ ವಿಚಾರ ಮಾಡೋಣ.

ಹೆಸರು ಅದೇ, ಮಳೆ ಬೇರೆ

ಅಂಕೋಲೆಯ ಬಳಿಯ ನಮ್ಮ ಕೇಣಿಯಲ್ಲಿ ವರ್ಷದ ಮೊದಲ ಮಳೆ ಕಡಲ ಮೇಲಿಂದ ಏರಿ ಬರುವುದನ್ನು ನೋಡಬೇಕು. ಪಶ್ಚಿಮದ ಅಂಚು ಕಪ್ಪಿಡುತ್ತದೆ, ಗಾಳಿ ದಿಕ್ಕು ಬದಲಿಸುತ್ತದೆ, ಕಾದ ಮರಳಿನಿಂದ ಕಂಪು ಏಳುತ್ತದೆ. ಮನೆಯೊಳಗಿದ್ದವರೆಲ್ಲ ಜಗಲಿಗೆ ಬಂದು ನಿಲ್ಲುತ್ತಾರೆ. ಜುಲೈ ತಿಂಗಳಲ್ಲಿ ಇದಕ್ಕಿಂತ ಎಷ್ಟೋ ಪಾಲು ಹೆಚ್ಚು ಮಳೆ ಸುರಿಯುತ್ತದೆ. ಆಗ ಜಗಲಿಗೆ ಬಂದು ನಿಂತು ನೋಡುವವರಿಲ್ಲ. ಎಲ್ಲರೂ ಕೊಡೆಯನ್ನು ಹುಡುಕುವವರೇ.

೨೦೦೬ರ ಡಿಸೆಂಬರ್ ೨೯ರಂದು ತೆರೆಕಂಡ ‘ಮುಂಗಾರು ಮಳೆ’ ಕನ್ನಡಿಗರ ಪಾಲಿಗೆ ಇಂಥ ಮೊದಲ ಮಳೆಯೇ ಆಗಿತ್ತು. ಯೋಗರಾಜ ಭಟ್ಟರ ನಿರ್ದೇಶನ, ಮನೋಮೂರ್ತಿಯವರ ಸಂಗೀತ, ಕಿರುತೆರೆಯಿಂದ ಬಂದ ಗಣೇಶ್ ನಾಯಕ. ನಮ್ಮ ಗಂಗಾವಳಿಯ ಆಚೆ ದಡದ ಗೋಕರ್ಣದವರಾದ ಜಯಂತ ಕಾಯ್ಕಿಣಿಯವರು ಆ ಚಿತ್ರಕ್ಕೆ ಬರೆದ ಗೀತೆಯಂತೂ ಮನೆಮನೆಯ ಮಾತಾಯಿತು. ನಮ್ಮ ಜಿಲ್ಲೆಯವರಿಗೆ ಅದು ಹೆಮ್ಮೆಯ ಸಂಗತಿಯೂ ಹೌದು. ಬೆಂಗಳೂರಿನ ಮಲ್ಟಿಪ್ಲೆಕ್ಸಿನಲ್ಲಿ ಚಿತ್ರ ಒಂದು ವರ್ಷಕ್ಕೂ ಮೀರಿ ನಡೆಯಿತು.

ಆ ಚಿತ್ರದ ಅಂತ್ಯವನ್ನು ನೆನೆದುಕೊಳ್ಳಿ. ಪ್ರೀತಮ್ ತಾನು ಒಲಿದವಳನ್ನು ಅವಳಿಗೆ ಗೊತ್ತಾದ ವರನಿಗೇ ಬಿಟ್ಟುಕೊಟ್ಟು ಹೊರಟುಹೋಗುತ್ತಾನೆ. ಜೊತೆಗಿದ್ದ ಮೊಲ, ದೇವದಾಸ, ದಾರಿಯಲ್ಲೇ ಪ್ರಾಣ ಬಿಡುತ್ತದೆ. ಅಲ್ಲಿಗೆ ಹೇಳಬೇಕಾದದ್ದೆಲ್ಲ ಮುಗಿಯಿತು. ಹತ್ತು ವರ್ಷಗಳ ತರುವಾಯ, ೨೦೧೬ರಲ್ಲಿ, ಶಶಾಂಕ್ ಅವರ ನಿರ್ದೇಶನದಲ್ಲಿ ‘ಮುಂಗಾರು ಮಳೆ ೨’ ಬಂದಿತು. ನಾಯಕ ಗಣೇಶರೇ, ಮಳೆಯೂ ಇತ್ತು, ಪ್ರೇಮವೂ ಇತ್ತು. ಆದರೆ ಕಥೆ ಬೇರೆಯೇ. ಮುಗಿದ ಕಥೆಯನ್ನು ಎಬ್ಬಿಸುವುದು ಅಸಾಧ್ಯವೆಂದು ಚಿತ್ರಕಾರರೂ ಬಲ್ಲವರಾಗಿದ್ದರು. ಆದ್ದರಿಂದ ಹೆಸರನ್ನಷ್ಟೇ ಎಬ್ಬಿಸಿದರು. ಅದೇ ಚಿತ್ರ ಬೇರೊಂದು ಹೆಸರಿನಿಂದ ಬಂದಿದ್ದರೆ ಪ್ರೇಕ್ಷಕರು ಅದನ್ನು ಅದರ ಯೋಗ್ಯತೆಯಿಂದಲೇ ಅಳೆಯುತ್ತಿದ್ದರು. ಹೆಸರಿನ ದೆಸೆಯಿಂದ ಅದನ್ನು ೨೦೦೬ರ ನೆನಪಿನೊಡನೆ ತೂಗಿದರು. ನೆನಪಿನೊಡನೆ ತೂಗಿ ಗೆದ್ದವರು ವಿರಳ. ಅಷ್ಟಕ್ಕೂ ಮುಂಗಾರಿಗೆ ಅಂಕಿ ಹಚ್ಚುವುದೆಂದರೇನು? ಮೊದಲ ಮಳೆ ಎರಡನೆಯದಾದರೆ ಅದು ಮುಂಗಾರು ಹೇಗಾದೀತು?

ನಿರ್ದೇಶಕರೂ ನಾಯಕರೂ ಬದಲಾಗದೆ ಉಳಿದ ನಿದರ್ಶನವೂ ಉಂಟು. ಪ್ರೇಮ್ ನಿರ್ದೇಶನದ ‘ಜೋಗಿ’ (೨೦೦೫) ಚಿತ್ರದಲ್ಲಿ ಶಿವರಾಜಕುಮಾರರು ಮಗ, ಅರುಂಧತಿ ನಾಗ್ ಅವರು ತಾಯಿ. ತಾನು ಕುಣಿಯುತ್ತ ಮುಂದೆ ಸಾಗಿದ ಶವಯಾತ್ರೆ ತನ್ನ ಹೆತ್ತಮ್ಮನದೇ ಎಂಬುದು ಮಗನಿಗೆ ತಿಳಿಯುವಾಗ ತೀರ ತಡವಾಗಿರುತ್ತದೆ. ಕಲ್ಲೆದೆಯೂ ಕರಗುವ ಸನ್ನಿವೇಶವದು. ೨೦೧೧ರಲ್ಲಿ ಅದೇ ನಿರ್ದೇಶಕರು ಶಿವರಾಜಕುಮಾರರ ನೂರನೆಯ ಚಿತ್ರವಾಗಿ ‘ಜೋಗಯ್ಯ’ವನ್ನು ಮುಂದಿಟ್ಟರು. ನಿರೀಕ್ಷೆ ಮುಗಿಲು ಮುಟ್ಟಿತ್ತು. ಆದರೆ ತಾಯಿಯನ್ನು ಕಳೆದುಕೊಂಡ ಮಗನಿಗೆ ಅದಕ್ಕಿಂತ ದೊಡ್ಡ ದುಃಖವನ್ನು ಎಲ್ಲಿಂದ ತರಬೇಕು? ಹೊಡೆದಾಟವನ್ನು ಹೆಚ್ಚಿಸಬಹುದು, ಊರನ್ನು ಬದಲಿಸಬಹುದು. ಆ ಒಂದು ಶವಯಾತ್ರೆಯನ್ನು ಮೀರುವುದು ಸಾಧ್ಯವಿರಲಿಲ್ಲ. ‘ಜೋಗಿ’ ಕಲಕಿದಂತೆ ‘ಜೋಗಯ್ಯ’ ಮನಸ್ಸನ್ನು ಕಲಕಲಿಲ್ಲ.

ಉಳಿದ ಕಥೆ, ಮುಗಿದ ಕಥೆ

ಧಾರಾವಾಹಿಗಳನ್ನು ವಾರವಾರವೂ ಕಾದು ಓದುವ ವಾಚಕರಿಗೆ ಒಂದು ಭೇದ ಚೆನ್ನಾಗಿ ತಿಳಿದಿದೆ. ‘ಮುಂದಿನ ವಾರಕ್ಕೆ’ ಎಂದು ನಿಲ್ಲುವ ಕಂತು ಬೇರೆ. ‘ಮುಗಿಯಿತು’ ಎಂದು ನಿಲ್ಲುವ ಕಂತು ಬೇರೆ. ಮೊದಲನೆಯದರಲ್ಲಿ ಲೇಖಕ ನಮಗೆ ಸಾಲಗಾರನಾಗಿರುತ್ತಾನೆ. ಎರಡನೆಯದರಲ್ಲಿ ಲೆಕ್ಕ ಚುಕ್ತವಾಗಿರುತ್ತದೆ. ಮುಂದಿನ ಭಾಗಗಳ ಗೆಲುವು ಸೋಲುಗಳ ಮರ್ಮವೆಲ್ಲ ಇಲ್ಲೇ ಅಡಗಿದೆ ಎಂದು ನನಗನಿಸುತ್ತದೆ. ಉಳಿದ ಕಥೆಯನ್ನು ಹೇಳಹೊರಟವರು ಗೆಲ್ಲಬಹುದು. ಮುಗಿದ ಕಥೆಯನ್ನು ಮುಂದುವರಿಸಹೊರಟವರು ಮೊದಲು ಅದರ ಅಂತ್ಯವನ್ನು ಕೆಡಿಸಬೇಕು. ಆಮೇಲೆ ತಾನೆ ಮುಂದಿನ ಮಾತು?

ಬಂಗಾಳದ ಸತ್ಯಜಿತ್ ರಾಯ್ ಅವರು ೧೯೫೫ರಲ್ಲಿ ‘ಪಥೇರ್ ಪಾಂಚಾಲಿ’ಯನ್ನು ಕೊಟ್ಟು, ಮರುವರ್ಷವೇ ‘ಅಪರಾಜಿತೊ’ವನ್ನು ತಂದರು. ಬಾಲಕ ಅಪು ಬೆಳೆಯುವುದು ಇನ್ನೂ ಉಳಿದಿತ್ತು. ವಿಭೂತಿಭೂಷಣರ ಕಾದಂಬರಿಯಲ್ಲೂ ಅವನ ಬಾಳು ಮುಂದೆ ಸಾಗಿತ್ತು. ಎರಡನೆಯ ಚಿತ್ರಕ್ಕೆ ೧೯೫೭ರಲ್ಲಿ ವೆನಿಸ್ ಉತ್ಸವದ ಸ್ವರ್ಣಸಿಂಹ ಪ್ರಶಸ್ತಿ ದೊರೆಯಿತು; ೧೯೫೯ರ ‘ಅಪುರ್ ಸಂಸಾರ್’ ಆ ಕಥೆಯನ್ನು ದಡ ಮುಟ್ಟಿಸಿತು. ಅಮೆರಿಕದ ‘ಗಾಡ್‌ಫಾದರ್’ ಚಿತ್ರದ ಎರಡನೆಯ ಭಾಗವೂ (೧೯೭೪) ಮೊದಲನೆಯದರಂತೆ ಆಸ್ಕರ್ ಪಡೆಯಿತು. ತಂದೆಯ ಪೀಠವೇರಿದ ಮಗ ಏನಾದನೆಂಬ ಪ್ರಶ್ನೆಯನ್ನು ಮೊದಲ ಚಿತ್ರವೇ ನಮ್ಮ ಕೈಗಿತ್ತಿತ್ತು.

ಕನ್ನಡದಲ್ಲೂ ಇದಕ್ಕೆ ಪುರಾವೆಯಿದೆ. ‘ಕೆ.ಜಿ.ಎಫ್.’ ಚಿತ್ರವನ್ನು ಪ್ರಶಾಂತ್ ನೀಲ್ ಎರಡು ಭಾಗಗಳೆಂದೇ ಯೋಜಿಸಿದ್ದರು. ೨೦೧೮ರಲ್ಲಿ ಅರ್ಧಕ್ಕೆ ನಿಂತ ಕಥೆ ೨೦೨೨ರಲ್ಲಿ ಪೂರ್ಣವಾಯಿತು; ಜನ ಮುಗಿಬಿದ್ದು ನೋಡಿದರು. ೨೦೨೨ರ ‘ಕಾಂತಾರ’ದ ಯಶಸ್ಸಿನ ತರುವಾಯ ರಿಷಬ್ ಶೆಟ್ಟರು ಮುಂದಕ್ಕೆ ಹೋಗದೆ ಹಿಂದಕ್ಕೆ ಹೋದರು. ೨೦೨೫ರಲ್ಲಿ ಬಂದ ‘ಕಾಂತಾರ ಅಧ್ಯಾಯ ೧’ ಕದಂಬರ ಕಾಲದ ಐತಿಹ್ಯವನ್ನು ಹೇಳಿತು. ಮೊದಲ ಚಿತ್ರದ ಅಂತ್ಯವನ್ನು ಯಾರೂ ಮುಟ್ಟಲಿಲ್ಲ. ಅದರ ಬೇರನ್ನು ಅಗೆದು ತೋರಿಸಿದರು. ಇದು ಜಾಣತನ.

ಇನ್ನೊಂದು ದಾರಿ ಪತ್ತೇದಾರಿ ಕಥೆಗಳದು. ದೊರೆ-ಭಗವಾನ್ ಜೋಡಿ ೧೯೬೮ರಲ್ಲಿ ‘ಜೇಡರ ಬಲೆ’ಯನ್ನು ಹೆಣೆದು, ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. ೯೯೯’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. ೯೯೯’, ೧೯೭೮ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’ ಎಂದು ರಾಜಕುಮಾರರನ್ನು ಗೂಢಚಾರನಾಗಿ ಮೆರೆಸಿತು. ಇಲ್ಲಿ ಪ್ರತಿ ಚಿತ್ರವೂ ಹೊಸ ಮೊಕದ್ದಮೆ. ಹಳೆಯ ಅಂತ್ಯಕ್ಕೆ ಭಂಗವಿಲ್ಲ, ವ್ಯಕ್ತಿಯೊಬ್ಬನೇ ಸೂತ್ರ. ಆದರೆ ಆ ಸೂತ್ರವೇ ಕಡಿದರೆ? ಹೊನ್ನಾವರದ ಕಡೆಯವರಾದ ಶಂಕರನಾಗ್ ‘ಸಾಂಗ್ಲಿಯಾನ’ದ ಎರಡು ಭಾಗಗಳಲ್ಲಿ (೧೯೮೮, ೧೯೯೦) ಪೊಲೀಸ್ ಅಧಿಕಾರಿಯಾಗಿ ನಟಿಸಿದರು. ೧೯೯೦ರ ಸೆಪ್ಟೆಂಬರ್ ೩೦ರಂದು ಅಪಘಾತ ಅವರನ್ನು ನಮ್ಮಿಂದ ಕಿತ್ತುಕೊಂಡಿತು. ೧೯೯೭ರ ಮೂರನೆಯ ಭಾಗದಲ್ಲಿ ದೇವರಾಜ್ ಆ ಸಮವಸ್ತ್ರ ತೊಟ್ಟರು. ದೇವರಾಜ್ ಸಮರ್ಥ ನಟರೆಂಬುದರಲ್ಲಿ ಸಂದೇಹವಿಲ್ಲ. ಆದರೂ ಪ್ರೇಕ್ಷಕನ ಕಣ್ಣು ಇನ್ನೊಬ್ಬರನ್ನು ಹುಡುಕುತ್ತಿದ್ದರೆ ಅದು ಅವರ ತಪ್ಪಲ್ಲ.

ಶಾರ್ಕಿನ ಸೇಡು

ಮುಗಿದದ್ದನ್ನು ಮತ್ತೆ ಮತ್ತೆ ಎಬ್ಬಿಸಿದರೆ ಏನಾಗುತ್ತದೆಂಬುದಕ್ಕೆ ಅಮೆರಿಕದ ‘ಜಾಸ್’ ಒಂದು ಪಾಠ. ೧೯೭೫ರಲ್ಲಿ ಸ್ಪೀಲ್‌ಬರ್ಗ್ ನಿರ್ದೇಶಿಸಿದ ಆ ಚಿತ್ರದಲ್ಲಿ ನರಭಕ್ಷಕ ಶಾರ್ಕ್ ಕೊನೆಗೆ ಹತವಾಗುತ್ತದೆ. ಆದರೆ ೧೯೭೮, ೧೯೮೩ ಮತ್ತು ೧೯೮೭ರಲ್ಲಿ ಬೇರೆ ಬೇರೆ ನಿರ್ದೇಶಕರ ಕೈಯಲ್ಲಿ ಮೂರು ಸಲ ಹೊಸ ಶಾರ್ಕುಗಳು ಬಂದವು. ನಾಲ್ಕನೆಯ ಚಿತ್ರದಲ್ಲಂತೂ ಒಂದು ಶಾರ್ಕು ಅದೇ ಕುಟುಂಬದ ಮೇಲೆ ಹಗೆ ಸಾಧಿಸುವಂತೆ ಬಹಾಮಾ ದ್ವೀಪದವರೆಗೂ ಬೆನ್ನಟ್ಟುತ್ತದೆ! ಕಡಲನ್ನೇ ನಂಬಿ ಬಾಳುವ ನಮ್ಮ ಕರಾವಳಿಯವರ ಮುಂದೆ ಈ ಕಥೆಯನ್ನು ಹೇಳಿದರೆ ನಕ್ಕುಬಿಟ್ಟಾರು. ಮೀನಿಗೆ ಹಸಿವುಂಟು, ಹಗೆಯೆಲ್ಲಿಂದ ಬರಬೇಕು?

ಮೀನಿನ ಮಾತು ಬಂದದ್ದರಿಂದ ಹೇಳುತ್ತೇನೆ. ನಮ್ಮ ಕಡೆ ರಾಂಪಣಿ ಬಲೆ ಎಂದರೆ ಊರೇ ಕೂಡಿ ದಡದಿಂದ ಎಳೆಯುವ ಬಲೆ. ಬಂಗಡೆಯ ಹಿಂಡು ಬಂದಾಗ ಅದೃಷ್ಟವಿದ್ದರೆ ಮರಳಿನ ಮೇಲೆ ಬೆಳ್ಳಿಯ ರಾಶಿ. ಆದರೆ ನಿನ್ನೆ ರಾಶಿ ಬಿದ್ದ ಜಾಗವೆಂದು ಇಂದು ಕಣ್ಣು ಮುಚ್ಚಿ ಅಲ್ಲೇ ಬಲೆ ಬಿಡುವುದಿಲ್ಲ; ಹಿಂಡು ಇಂದು ಎಲ್ಲಿದೆಯೆಂದು ನೀರಿನ ಬಣ್ಣವನ್ನು ನೋಡುತ್ತಾರೆ. ಚಿತ್ರೋದ್ಯಮವೋ, ನಿನ್ನೆಯ ಜಾಗಕ್ಕೆ ಗುರುತಿನ ಕೋಲು ನೆಟ್ಟು ಕಾಯುತ್ತ ಕೂರುತ್ತದೆ.

ನಿಲ್ಲಿಸುವ ವಿದ್ಯೆ

ಕಥೆಯನ್ನು ನಿಲ್ಲಿಸುವುದೂ ಒಂದು ವಿದ್ಯೆ. ನಮ್ಮ ಹಿರಿಯರಿಗೆ ಅದು ತಿಳಿದಿತ್ತು. ಪುಟ್ಟಣ್ಣ ಕಣಗಾಲರ ಕೈಯಲ್ಲಿ ತ.ರಾ.ಸು. ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳಿದ್ದವು. ಇಂದಿನವರಾಗಿದ್ದರೆ ಮೂರು ಭಾಗಗಳನ್ನು ಘೋಷಿಸುತ್ತಿದ್ದರೋ ಏನೋ! ಪುಟ್ಟಣ್ಣನವರು ಮೂರನ್ನೂ ಒಂದರಲ್ಲಿ ಅಡಕಗೊಳಿಸಿ ೧೯೭೨ರಲ್ಲಿ ‘ನಾಗರಹಾವು’ ಚಿತ್ರವನ್ನು ಕೊಟ್ಟರು. ಚಾಮಯ್ಯ ಮೇಷ್ಟ್ರು, ರಾಮಾಚಾರಿ ಇಬ್ಬರ ಬಾಳೂ ಚಿತ್ರದುರ್ಗದ ಬಂಡೆಗಳ ನಡುವೆ ಕೊನೆಗೊಂಡಿತು.

ಅದೇ ವರ್ಷದ ‘ಬಂಗಾರದ ಮನುಷ್ಯ’ದಲ್ಲಿ ರಾಜೀವ ಎಲ್ಲವನ್ನೂ ತೊರೆದು ಸುಮ್ಮನೆ ನಡೆದುಹೋಗುತ್ತಾನೆ. ಎಲ್ಲಿಗೆ ಹೋದ? ಯಾರೂ ಹೇಳಲಿಲ್ಲ. ರಾಜೀವ ಹಳ್ಳಿಗೆ ಹಿಂತಿರುಗಿ, ಮನೆಮಂದಿ ಕ್ಷಮೆ ಬೇಡಿ, ಎಲ್ಲರೂ ಕೂಡಿ ಉಂಡರೆಂದು ಎರಡನೆಯ ಭಾಗ ಬಂದಿದ್ದರೆ ಏನಾಗುತ್ತಿತ್ತು? ಆ ನಡಿಗೆಯ ಘನತೆಯೇ ಮಣ್ಣುಪಾಲಾಗುತ್ತಿತ್ತು. ೨೦೧೭ರಲ್ಲಿ ಆ ಹೆಸರನ್ನು ನೆನಪಿಗೆ ತಂದು ‘ಬಂಗಾರ ಸನ್ ಆಫ್ ಬಂಗಾರದ ಮನುಷ್ಯ’ ಎಂಬ ಚಿತ್ರ ಬಂದಿತಾದರೂ ಅದು ಹಿಡಿದದ್ದು ಇಂದಿನ ರೈತರ ಸಂಕಟವನ್ನು. ರಾಜೀವ ಇನ್ನೂ ನಡೆಯುತ್ತಲೇ ಇದ್ದಾನೆ.

ಇನ್ನೂ ಹಿಂದಕ್ಕೆ ಹೋದರೆ ಗದುಗಿನ ಕುಮಾರವ್ಯಾಸನೇ ಇದ್ದಾನೆ. ಹದಿನೆಂಟು ಪರ್ವಗಳ ಭಾರತದಲ್ಲಿ ಅವನು ಹೇಳಿದ್ದು ಹತ್ತನ್ನು. ಗದಾಪರ್ವಕ್ಕೆ ಕಾವ್ಯವನ್ನು ನಿಲ್ಲಿಸಿದ. ಉಳಿದ ಪರ್ವಗಳನ್ನು ವಿಜಯನಗರದ ಕೃಷ್ಣದೇವರಾಯನ ಆಶ್ರಯದಲ್ಲಿ ತಿಮ್ಮಣ್ಣಕವಿ ಪೂರ್ಣಗೊಳಿಸಿದ. ತಿಮ್ಮಣ್ಣ ಅಲ್ಪಕವಿಯೇನಲ್ಲ, ರಾಜಾಶ್ರಯಕ್ಕೂ ಕೊರತೆಯಿರಲಿಲ್ಲ. ಆದರೂ ಗಮಕಿಗಳು ಹಾಡುವುದು, ಜನ ತಲೆದೂಗುವುದು ಕುಮಾರವ್ಯಾಸನಿಗೆ. ತಿಮ್ಮಣ್ಣನ ಪುಟ ತೆರೆಯುವವರು ಪರೀಕ್ಷೆಗೆ ಓದುವವರು ಮಾತ್ರ. ಕುಮಾರವ್ಯಾಸನೊಡನೆ ಸಾಗಿ ಬಂದ ಓದುಗನಿಗೆ ಕೌರವನ ತೊಡೆ ಮುರಿದಲ್ಲಿಗೆ ಎದೆಯೊಳಗಿನ ಭಾರತ ಮುಗಿದುಬಿಟ್ಟಿರುತ್ತದೆ. ಅದರ ಬದಲು ಲಕ್ಷ್ಮೀಶ ಮಾಡಿದ್ದನ್ನು ನೋಡಿ. ಯುದ್ಧಾನಂತರದ ಅಶ್ವಮೇಧವನ್ನೇ ಆರಿಸಿಕೊಂಡರೂ ಕುಮಾರವ್ಯಾಸನ ನೆರಳಿಗೆ ನಿಲ್ಲದೆ, ಸುಧನ್ವ, ಚಂದ್ರಹಾಸರಂಥ ಹೊಸಬರ ಕಥೆಗಳನ್ನು ತನ್ನದೇ ಛಂದಸ್ಸಿನಲ್ಲಿ, ತನ್ನದೇ ನಾದದಲ್ಲಿ ಹೇಳಿದ, ಗೆದ್ದ.

ನಷ್ಟ ಯಾರಿಗೆ?

“ನೋಡಲು ಇಷ್ಟವಿಲ್ಲದಿದ್ದರೆ ಬಿಡಿ, ಯಾರ ಗಂಟು ಹೋಯಿತು?” ಎಂದು ಕೇಳಬಹುದು. ಹೋಗುವ ಗಂಟು ಉಂಟು. ೨೦೦೬ರಲ್ಲಿ ‘ಮುಂಗಾರು ಮಳೆ’ ಬಂದಾಗ ಅದರ ಹಿಂದೆ ಯಾವ ಹಳೆಯ ಹೆಸರಿನ ಆಸರೆಯೂ ಇರಲಿಲ್ಲ. ಹೊಸ ಕಥೆಯನ್ನೂ ಹೊಸ ನಾಯಕನನ್ನೂ ನಂಬಿ ಯಾರೋ ಹಣ ಹೂಡಿದರು. ಹೆಸರು ಕೇಳಿರದ ಕಥೆಯನ್ನು ನಂಬಿ ನಾವು ಟಿಕೇಟು ಕೊಂಡೆವು. ಹಳೆಯ ಹೆಸರಿಗೆ ಅಂಕಿ ಹಚ್ಚಿದ ಪ್ರತಿಯೊಂದು ಚಿತ್ರವೂ ಇಂಥ ಹೊಸದೊಂದರ ಹಣವನ್ನು, ಚಿತ್ರಮಂದಿರವನ್ನು, ಶುಕ್ರವಾರವನ್ನು ತಾನು ನುಂಗಿಕೊಳ್ಳುತ್ತದೆ. ನಮ್ಮ ಮಕ್ಕಳಿಗೆ ನಮ್ಮ ಮುಂಗಾರನ್ನೇ ಸೋಸಿ ಸೋಸಿ ಕುಡಿಸುತ್ತ ಹೋದರೆ ಅವರದೇ ಆದ ಮೊದಲ ಮಳೆ ಯಾವಾಗ ಬರಬೇಕು?

ಆದುದರಿಂದ ವಾಚಕರಲ್ಲಿ ನನ್ನದೊಂದು ಬಿನ್ನಹ. ಒಳ್ಳೆಯ ಚಿತ್ರವೊಂದು ಮುಗಿದಾಗ ‘ಮುಂದೇನಾಯಿತು’ ಎಂಬ ಪ್ರಶ್ನೆಯನ್ನು ನಿರ್ಮಾಪಕರ ಕೈಗೆ ಕೊಡದೆ ಮನೆಗೆ ಕೊಂಡೊಯ್ಯಿರಿ. ಊಟದ ಎಲೆಯ ಮುಂದೆ ಅಜ್ಜಿ ಒಂದು ಉತ್ತರ ಹೇಳಲಿ, ಮೊಮ್ಮಗಳು ಇನ್ನೊಂದು ಹೇಳಲಿ. ಅಷ್ಟು ಬಗೆಯ ಮುಂದಿನ ಭಾಗಗಳನ್ನು ಯಾವ ಚಿತ್ರಕಾರನೂ ತೆಗೆಯಲಾರ. ಮತ್ತು ಮುಂದಿನ ಶುಕ್ರವಾರ, ಹೆಸರಿನ ಪಕ್ಕದಲ್ಲಿ ಅಂಕಿಯಿಲ್ಲದ ಚಿತ್ರವೊಂದು ಊರಿಗೆ ಬಂದಿದ್ದರೆ, ಅದಕ್ಕೂ ಒಂದು ಅವಕಾಶ ಕೊಟ್ಟು ನೋಡಿರಿ.